ಬೇಲಿ ಪೆಟ್ಟಿಗೆಯ ವೋಲ್ಟೇಜು

ಪೆಟ್ಟಿಗೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಹೊಲಿದು, ಹೊಲಿಗೆಯ ಮೇಲೆ ಅರಗಿನ ಮುದ್ರೆ ಒತ್ತಿ ತಂದಿದ್ದರು. ಒಳಗಿದ್ದದ್ದು ಸೋಲಾರ್ ಬೇಲಿಯ ಪೆಟ್ಟಿಗೆ. ಗುಂಡ್ಲುಪೇಟೆ ಕಡೆ ಕಾಡಂಚಿನ ಹೊಲಗಳಲ್ಲಿ ಶೆಡ್ಡಿನ ಗೋಡೆಗೆ ನೇತುಹಾಕಿರುತ್ತಾರಲ್ಲ, ಅದೇ. ಹಗಲು ಬಿಸಿಲಿನಿಂದ ಬ್ಯಾಟರಿ ತುಂಬಿಕೊಂಡು, ಕತ್ತಲಾದ ಮೇಲೆ ಬೇಲಿಯ ತಂತಿಗೆ ಬಿಟ್ಟು ಬಿಟ್ಟು ಸಣ್ಣ ಹೊಡೆತ ಕೊಡುತ್ತದೆ. ಆನೆಯಾಗಲಿ ಹಂದಿಯಾಗಲಿ ಮುಟ್ಟಿದರೆ ಬೆಚ್ಚಿ ಹಿಂದೆ ಸರಿಯಬೇಕು, ಸಾಯಬಾರದು. ಈ ಪೆಟ್ಟಿಗೆ ಕಾಯುತ್ತಿದ್ದ ಬೇಲಿಯಲ್ಲಿ ಒಂದು ಹೆಣ್ಣಾನೆ ಸತ್ತಿತ್ತು.

ಹೊಲದವನು ಕಂಬದ ಕರೆಂಟನ್ನು ನೇರವಾಗಿ ಬೇಲಿಗೆ ಕೊಟ್ಟಿದ್ದ ಅನ್ನುವುದು ಕೇಸು. ಅವನು ಹೇಳುತ್ತಿದ್ದದ್ದು ಬೇರೆ. ಆ ವಾರವೆಲ್ಲ ಮೋಡ, ಬಿಸಿಲಿಲ್ಲ, ಬ್ಯಾಟರಿ ತುಂಬಲೆಂದು ಪೆಟ್ಟಿಗೆಯ ಚಾರ್ಜರನ್ನು ಪ್ಲಗ್ಗಿಗೆ ಹಾಕಿದ್ದೆ, ಅಷ್ಟೇ. ಪೆಟ್ಟಿಗೆ ಕೆಟ್ಟು ಆ ಕರೆಂಟನ್ನು ಬೇಲಿಗೆ ದಾಟಿಸಿಬಿಟ್ಟಿದೆ ಅನ್ನುತ್ತಿದ್ದ. ಚಾರ್ಜರಿನ ಒಳಗೆ ಪ್ಲಗ್ಗಿನ ಕರೆಂಟಿಗೂ ಬೇಲಿಗೂ ನಡುವೆ ಒಂದು ತಡೆ ಇರುತ್ತದೆ. ಅದು ಸುಟ್ಟುಹೋಗಿದ್ದರೆ ಅವನು ಹೇಳಿದ್ದು ನಿಜವಾಗಬಹುದು. ಗಟ್ಟಿಯಾಗಿದ್ದರೆ ಅವನ ಮಾತಿಗೆ ಬೆಲೆಯಿಲ್ಲ. ಅವನು ಜೈಲಿನಲ್ಲಿದ್ದ, ಪೆಟ್ಟಿಗೆ ಚಾಮರಾಜನಗರದಲ್ಲಿ ನನ್ನ ಮೇಜಿನ ಮೇಲಿತ್ತು.

ನಮ್ಮದು ಚಿಕ್ಕ ಲ್ಯಾಬು. ವಿದ್ಯುತ್ ಸಾಮಾನುಗಳನ್ನು ಪರೀಕ್ಷಿಸಿ ವರದಿ ಕೊಡುವುದು ನಮ್ಮ ಕೆಲಸ. ಮುದ್ರೆ ಒಡೆಯುವುದನ್ನೂ ಪರೀಕ್ಷೆಯನ್ನೂ ಎರಡು ಕಡೆಯವರ ಮುಂದೆ ಮಾಡಬೇಕೆಂದು ಪೆಟ್ಟಿಗೆಯ ಜೊತೆ ಕೋರ್ಟಿನಿಂದ ಬಂದ ಕಾಗದದಲ್ಲಿತ್ತು. ಅರಣ್ಯ ಇಲಾಖೆಯ ಕಡೆಯಿಂದ ಒಬ್ಬ ಫಾರೆಸ್ಟರು ಬಂದಿದ್ದರು. ಜೈಲಿನಲ್ಲಿದ್ದವನ ಕಡೆಯಿಂದ ಅವನ ಹೆಂಡತಿ ಬಂದಿದ್ದಳು.

ಮೂವತ್ತರ ಆಸುಪಾಸಿನವಳು. ತಮ್ಮ ತುಂಡು ಹೊಲದ ಕೆಲಸ ಮುಗಿದ ಮೇಲೆ ಬೇರೆಯವರ ಹೊಲದಲ್ಲಿ ಚೆಂಡು ಹೂವು ಬಿಡಿಸುವ ಕೂಲಿಗೆ ಹೋಗುತ್ತಾಳಂತೆ. ಉಗುರು ಸಂದಿಯಲ್ಲಿ ಅದರ ಕರೆ ಹಾಗೇ ಇತ್ತು. ಚಪ್ಪಲಿ ಹೊರಗೆ ಬಿಟ್ಟು ಬಂದು ಗೋಡೆಗೆ ಒರಗಿ ನಿಂತಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ನಾನು ಉಮ್ಮತ್ತೂರಿನವಳು, ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. “ಕುಂತ್ಕಳಮ್ಮಿ, ಇದು ಬ್ಯಾಗ ಮುಗಿಯಾದಲ್ಲ” ಅಂದೆ. ತನ್ನ ಕಡೆಯ ಮಾತು ಕಿವಿಗೆ ಬಿದ್ದ ಮೇಲೆ ಕುರ್ಚಿಯ ಅಂಚಿನಲ್ಲಿ ಕೂತಳು. ಆಮೇಲೆ ನನ್ನನ್ನು ಅಕ್ಕ ಎಂದೇ ಕರೆದಳು.

ಬಟ್ಟೆ ಬಿಚ್ಚಿ ಪೆಟ್ಟಿಗೆಯನ್ನು ನೋಡಿದೆ. ತಗಡಿನ ಮೈ, ಮೂಲೆಗಳಲ್ಲಿ ತುಕ್ಕು. ನೆಲಕ್ಕೆ ಹೋಗಬೇಕಾದ ಅರ್ತ್ ವೈರು ಬುಡದಲ್ಲೇ ತುಂಡಾಗಿತ್ತು, ತುಂಡಾದ ಜಾಗ ಹಳೆಯದು, ಹಸಿರು ಕಟ್ಟಿತ್ತು. ಅದನ್ನು ಬರೆದುಕೊಂಡು, ಪೆಟ್ಟಿಗೆಯ ಬೇಲಿ ತುದಿಯಿಂದ ಒಂದು ತಂತಿ, ನಮ್ಮ ಅರ್ತ್‌ನಿಂದ ಒಂದು ತಂತಿ ಎಳೆದು ಮೀಟರಿಗೆ ಸಿಗಿಸಿದೆ. ಬಿಟ್ಟು ಬಿಟ್ಟು ಹೊಡೆಯುವ ಭಾಗವನ್ನು ಆಫ್ ಮಾಡಿ, ಚಾರ್ಜರನ್ನು ಮಾತ್ರ ಪ್ಲಗ್ಗಿಗೆ ಹಾಕಿದೆ. ಈಗ ಬೇಲಿ ತುದಿಯಲ್ಲಿ ಏನಾದರೂ ಬಂದರೆ ಅದು ಪ್ಲಗ್ಗಿನಿಂದಲೇ ಬಂದದ್ದು.

ನಮ್ಮ ಮೀಟರು ಕೈಯಲ್ಲಿ ಹಿಡಿಯುವಂಥದ್ದಲ್ಲ. ಮೇಜಿನ ಮೇಲೆ ಕೂರುವ, ಕಂಪ್ಯೂಟರು ಹೇಳಿದಂತೆ ಕೇಳುವ ಡಿಜಿಟಲ್ ಮಲ್ಟಿಮೀಟರು. ಎಷ್ಟು ವೋಲ್ಟಿನವರೆಗೆ ಅಳೆಯಬೇಕು ಅನ್ನುವ ರೇಂಜನ್ನೂ ಕಂಪ್ಯೂಟರೇ ಕೊಡುತ್ತದೆ: ಒಂದು ವೋಲ್ಟು, ಹತ್ತು, ನೂರು, ಏಳುನೂರೈವತ್ತು, ಹೀಗೆ. ಚಿನ್ನದಂಗಡಿಯ ತಕ್ಕಡಿಯಲ್ಲಿ ಭತ್ತದ ಮೂಟೆ ತೂಗುವುದಿಲ್ಲ, ಮೂಟೆ ತೂಗುವ ತಕ್ಕಡಿಯಲ್ಲಿ ಮೂಗುತಿ ತೂಗುವುದಿಲ್ಲ. ರೇಂಜು ಅಂದರೆ ಅಷ್ಟೇ. ನಾನು ಪರದೆಯ ಮೇಲೆ ಏಳುನೂರೈವತ್ತನ್ನು ಆರಿಸಿ ಟೆಸ್ಟ್ ಶುರು ಮಾಡಿದೆ.

ಪರದೆಯ ಮೇಲೆ ಸೊನ್ನೆ ಬಂತು. ಪಾಯಿಂಟ್ ಆದ ಮೇಲೂ ಸೊನ್ನೆಗಳೇ.

ಫಾರೆಸ್ಟರು ಉಸಿರು ಬಿಟ್ಟರು. ಕೆಟ್ಟ ಮನುಷ್ಯರಲ್ಲ. ಸತ್ತ ಆನೆಯನ್ನು ಅದು ಮರಿಯಾಗಿದ್ದಾಗಿನಿಂದ ನೋಡಿದ್ದರಂತೆ. “ಸೊನ್ನೆ ಬಂತಲ್ಲ ಮೇಡಂ, ಬರ್ಕೊಟ್ಬುಡಿ. ನಾವೇನ್ ಹೆಚ್ಗೆ ಕೇಳ್ತಿಲ್ಲ” ಅಂದರು. ಹೆಂಗಸು ನನ್ನ ಮುಖವನ್ನೇ ನೋಡುತ್ತಿದ್ದಳು. ಸೊನ್ನೆ ಯಾರಿಗೆ ತಾನೆ ಅರ್ಥವಾಗುವುದಿಲ್ಲ?

ಬರೆದುಕೊಡುತ್ತಿದ್ದೆನೇನೋ. ಆದರೆ ನನಗೊಂದು ಚಟ ಇದೆ, ಕಂಪ್ಯೂಟರನ್ನು ನಂಬುವ ಮೊದಲು ಮೀಟರಿನ ಮುಖ ನೋಡುವುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಅಪ್ಪ ಮಾತು ಮಾತಿಗೂ ಹೇಳುತ್ತಿದ್ದರು. ನೋಡಿದರೆ ಮೀಟರಿನ ಕಿಟಕಿಯಲ್ಲಿ ಸೊನ್ನೆ ಇಲ್ಲ. ಓವರ್‌ಲೋಡ್ ಎಂದು ಬರುತ್ತಿದೆ. ಅಂದರೆ ನನ್ನ ರೇಂಜಿಗೆ ಮೀರಿದ್ದು ಏನೋ ಒಳಗೆ ಬರುತ್ತಿದೆ, ನನ್ನ ಕೈಯಲ್ಲಿ ಅಳೆಯಲಾಗದು ಅನ್ನುತ್ತಿದೆ ಮೀಟರು. ಏನೂ ಇಲ್ಲ ಅನ್ನುತ್ತಿದೆ ಕಂಪ್ಯೂಟರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಆ ಕತೆ.

ಪ್ಲಗ್ ತೆಗೆದೆ. ಅಳತೆಯಲ್ಲಿ ತೊಂದರೆ ಇದೆ, ಸರಿಪಡಿಸಿದ ಮೇಲೆ ಮತ್ತೆ ಕರೆಸುತ್ತೇನೆ ಎಂದು ಇಬ್ಬರಿಗೂ ಹೇಳಿದೆ. ಫಾರೆಸ್ಟರಿಗೆ ಬೇಸರವಾಯಿತು. ಗುಂಡ್ಲುಪೇಟೆಯಿಂದ ಮತ್ತೆ ಬರಬೇಕು, ಜೀಪು ಹೊಂದಿಸಬೇಕು ಎಂದು ಗೊಣಗಿದರು. ಅವಳು ಮಾತ್ರ ಎದ್ದು ಬಂದು, ಸೊನ್ನೆ ಅಂತ ಬಂದದ್ದು ಸುಳ್ಳಾ ಎಂದು ಮೆಲ್ಲಗೆ ಕೇಳಿದಳು. ಸದ್ಯಕ್ಕೆ ಹಾಗೆ ಕಾಣುತ್ತದೆ ಅಂದೆ. ಪೆಟ್ಟಿಗೆಯೊಳಗೆ ಏನೋ ಬರುತ್ತಾ ಇದೆಯಾ ಎಂದಳು. ಏನೋ ಇದೆ, ಎಷ್ಟು ಅಂತ ಗೊತ್ತಿಲ್ಲ ಅಂದೆ. ಅವಳ ಮುಖದಲ್ಲಿ ನೆತ್ತರು ಆಡಿತು.

ಬಸ್ಸು ಬರುವವರೆಗೂ ವರಾಂಡದಲ್ಲಿ ಕೂತಿದ್ದವಳು ತಾನಾಗಿಯೇ ಹೇಳಿಕೊಂಡಳು. ಗಂಡ ಮಾದಪ್ಪನ ಮೇಲೆ ಆಣೆ ಮಾಡಿದ್ದಾನೆ, ಬೇಲಿಗೆ ಕರೆಂಟು ಕೊಟ್ಟಿಲ್ಲ ಅಂತ. ಕೈಯಲ್ಲಿ ವಿಭೂತಿ ಹಿಡಿದು ಹೇಳಿದ್ದಾನೆ. ಊರಿನವರು ಆನೆಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದಾಗ, ತನ್ನ ಹೊಲದ ಹೂವನ್ನೇ ಹಾರ ಮಾಡಿ ತಂದು ಹಾಕಿದವನು ಅವನು. ಕೊಂದವನು ಹಾಗೆ ಮಾಡುತ್ತಾನಾ ಎಂದು ಕೇಳಿದಳು. ವಕೀಲರು ಪೆಟ್ಟಿಗೆಯ ಮೇಲೇ ಎಲ್ಲ ನಿಂತಿದೆ ಅಂದಿದ್ದಾರಂತೆ. ಜೈಲು ಎಷ್ಟು ವರ್ಷ ಅಂತ ಅವಳು ಕೇಳಲಿಲ್ಲ. ಅವನ ಮಾತು ನಿಜವೋ ಅಲ್ಲವೋ, ಅವಳಿಗೆ ಬೇಕಾದದ್ದು ಅದು. ಮಕ್ಕಳ ಮುಂದೆ, ಅತ್ತೆ ಮಾವನ ಮುಂದೆ, ಊರಿನ ಮುಂದೆ ಅವಳು ಆ ಆಣೆಯನ್ನೇ ಹಿಡಿದುಕೊಂಡು ನಿಂತಿದ್ದಳು.

ಮಾರನೆಯ ದಿನದಿಂದ ನನ್ನ ಮತ್ತು ಮೀಟರಿನ ಜಗಳ. ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಪರೀಕ್ಷೆಗೆ ನಮ್ಮದೇ ಟ್ರಾನ್ಸ್‌ಫಾರ್ಮರಿನಿಂದ ಗೊತ್ತಿರುವ ವೋಲ್ಟೇಜು ತೆಗೆದುಕೊಂಡೆ. ಕೈಮೀಟರನ್ನು ಪಕ್ಕದಲ್ಲಿಟ್ಟು ನೂರು ವೋಲ್ಟು ಬರುವಂತೆ ತಿರುಗಿಸಿದೆ. ಕಂಪ್ಯೂಟರಿನಲ್ಲಿ ಮತ್ತೆ ಸೊನ್ನೆ, ಮೀಟರಿನಲ್ಲಿ ಮತ್ತೆ ಓವರ್‌ಲೋಡ್. ಅಂದರೆ ಪೆಟ್ಟಿಗೆಯ ದೋಷವಲ್ಲ, ನಮ್ಮದೇ.

ಮೀಟರಿನ ಮೇಲಿನ ಬಟನ್ ಒತ್ತಿ ರೇಂಜನ್ನು ಕೈಯಲ್ಲೇ ಮೇಲೇರಿಸಿದೆ. ಸರಿಯಾಗಿ ನೂರು ತೋರಿಸಿತು. ಆಹಾ, ಬುದ್ಧಿ ಬಂತಲ್ಲ ನಿನಗೆ ಅಂದುಕೊಂಡು ಕಂಪ್ಯೂಟರಿನಲ್ಲಿ ಟೆಸ್ಟ್ ಶುರು ಮಾಡಿದೆ. ತಕ್ಷಣ ರಿಮೋಟ್ ದೀಪ ಹತ್ತಿತು, ಮೀಟರಿನೊಳಗೆ ರೇಂಜು ಬದಲಿಸುವ ರಿಲೇ ಟಿಕ್ ಎಂದು ಬಿತ್ತು, ರೇಂಜು ಕೆಳಗಿಳಿದು ಕೂತಿತು. ಕಂಪ್ಯೂಟರು ಕಡಿವಾಣ ಹಿಡಿದ ಮೇಲೆ ಬಟನ್ನುಗಳೂ ಕೆಲಸ ಮಾಡುವುದಿಲ್ಲ. ಆಟೋ ರೇಂಜು ಆರಿಸಿ ನೋಡಿದೆ. ಅದೇ ಟಿಕ್, ಅದೇ ಸೊನ್ನೆ. ನೂರನ್ನು ಆರಿಸಿದರೂ ಅದೇ. ಪರದೆಯ ಮೇಲೆ ಏನನ್ನೇ ಆರಿಸಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗುತ್ತಿತ್ತು.

ಕೇಬಲ್ ಬದಲಿಸಿದೆ. ಕಂಪ್ಯೂಟರು ಆಫ್ ಮಾಡಿ ಆನ್ ಮಾಡಿದೆ. ಕಂಪ್ಯೂಟರಿನಲ್ಲಿ ಮೀಟರನ್ನು ನಡೆಸುವ ಡ್ರೈವರ್ ಪ್ರೋಗ್ರಾಮು ತೆಗೆದು ಮತ್ತೆ ಹಾಕಿದೆ. ಒಂದು ಇಡೀ ಹಗಲು ಹೀಗೇ ಹೋಯಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಊಟದ ಡಬ್ಬಿ ತೆಗೆಯಲು ಬಂದ ನಮ್ಮ ಸಾಹೇಬರು, ಲ್ಯಾಬಿನ ಮುಖ್ಯಸ್ಥರು, ನನ್ನ ಮುಖ ನೋಡಿ ಡಬ್ಬಿ ಹಿಡಿದು ಹಾಗೇ ಹೊರಟುಹೋದರು. ಸಂಜೆ ಬಸ್ಸಿನಲ್ಲಿ ಕೂತಾಗಲೂ ತಲೆಯೊಳಗೆ ಅದೇ ಟಿಕ್ ಕೇಳುತ್ತಿತ್ತು.

ಬುದ್ಧಿ ಬಂದದ್ದು ಆಮೇಲೆ. ಪ್ರೋಗ್ರಾಮನ್ನು ಓಡಿಸುವುದನ್ನು ಬಿಟ್ಟು, ಅದು ಮೀಟರಿಗೆ ಕಳಿಸುವ ಆಜ್ಞೆಗಳನ್ನು ನಾನೇ ಒಂದೊಂದಾಗಿ ಕಳಿಸತೊಡಗಿದೆ. ಪ್ರತಿ ಆಜ್ಞೆಯ ಹಿಂದೆಯೇ ಒಂದು ಪ್ರಶ್ನೆ: ಈಗ ಯಾವ ರೇಂಜಿನಲ್ಲಿದ್ದೀಯ? ಮೊದಲ ಆಜ್ಞೆ, ಏಳುನೂರೈವತ್ತರ ರೇಂಜಿಗೆ ಹೋಗು ಎಂದು. ಹೋಯಿತು, ಕೇಳಿದರೆ ಏಳುನೂರೈವತ್ತು ಅಂದಿತು. ಎರಡನೆಯದು, ಎಸಿ ವೋಲ್ಟೇಜು ಅಳೆಯಲು ಸಿದ್ಧವಾಗು ಎಂದು. ಟಿಕ್ ಅಂದಿತು. ಕೇಳಿದರೆ, ಒಂದು ಅಂದಿತು.

ಎರಡನೆಯ ಆಜ್ಞೆಯನ್ನು ಬಿಡಿಸಿ ನೋಡಿದೆ. ಅದರ ಬಾಲದಲ್ಲಿ ಒಂದು ವೋಲ್ಟಿನ ರೇಂಜು ಅಂಟಿಕೊಂಡಿತ್ತು. ಹಿಂದೆ ಯಾವುದೋ ಚಿಕ್ಕ ವೋಲ್ಟೇಜಿನ ಕೆಲಸಕ್ಕೆ ಬರೆದದ್ದನ್ನು ಹಾಗೇ ಎತ್ತಿ ಇಲ್ಲಿ ಹಾಕಿದ್ದರು. ಮೀಟರಿಗೆ ಕೊನೆಗೆ ಕೇಳಿದ ಮಾತೇ ವೇದವಾಕ್ಯ. ನಾನು ಆರಿಸಿದ ರೇಂಜು ಮೊದಲು ಹೋಗುತ್ತಿತ್ತು, ಹಿಂದೆಯೇ ಬಂದ ಈ ಆಜ್ಞೆ ಅದನ್ನು ಅಳಿಸಿಹಾಕುತ್ತಿತ್ತು. ಇಷ್ಟು ಸಾಲದೆಂದು ಇನ್ನೊಂದು: ಓವರ್‌ಲೋಡ್ ಆದಾಗ ಮೀಟರು ಕಂಪ್ಯೂಟರಿಗೆ ಒಂದು ವಿಪರೀತ ದೊಡ್ಡ ಸಂಖ್ಯೆ ಕಳಿಸುತ್ತದೆ. ಅದು ಪರದೆಯಲ್ಲಿ ಅಸಹ್ಯವಾಗಿ ಕಾಣುತ್ತದೆಂದೋ ಏನೋ, ಅಂಥ ಸಂಖ್ಯೆ ಬಂದರೆ ಸೊನ್ನೆ ತೋರಿಸು ಎಂದು ಪ್ರೋಗ್ರಾಮಿನಲ್ಲಿ ಬರೆದಿತ್ತು. ಮಿತಿ ಮೀರಿದ್ದೂ ಏನೂ ಇಲ್ಲದ್ದೂ ಒಂದೇ ಆಗಿಬಿಟ್ಟಿತ್ತು. ಆ ಸೊನ್ನೆಗೆ ನಾನು ಸಹಿ ಹಾಕುವುದರಲ್ಲಿದ್ದೆ.

ಆಜ್ಞೆಗಳ ಸರದಿ ಬದಲಿಸಿದೆ. ಬಾಲ ಕತ್ತರಿಸಿದೆ. ಓವರ್‌ಲೋಡ್ ಬಂದರೆ ಕೆಂಪಕ್ಷರದಲ್ಲಿ ಹಾಗೇ ತೋರಿಸುವಂತೆ ಮಾಡಿದೆ. ಆಮೇಲೆ ಟ್ರಾನ್ಸ್‌ಫಾರ್ಮರನ್ನು ಸ್ವಲ್ಪ ಸ್ವಲ್ಪವೇ ಮೇಲೇರಿಸುತ್ತ, ಪ್ರತಿ ಮಜಲಿನಲ್ಲೂ ಕೈಮೀಟರಿಗೂ ಕಂಪ್ಯೂಟರಿಗೂ ತಾಳೆ ನೋಡಿದೆ. ಸಾಹೇಬರು ಎದುರು ನಿಂತು ನೋಡಿ ಸಹಿ ಹಾಕಿದರು. ಇದೇ ಪ್ರೋಗ್ರಾಮಿನಲ್ಲಿ ಬೇರೇನು ಪರೀಕ್ಷೆ ಮಾಡಿದ್ದೇವೆ ಎಂದು ನಾನು ಕೇಳುವ ಮೊದಲೇ ಅವರೇ ಹುಡುಕಲು ಕೂತರು. ದೊಡ್ಡ ವೋಲ್ಟೇಜಿಗೆ ಇದನ್ನು ಬಳಸಿದ್ದು ಇದೇ ಮೊದಲು. ಬದುಕಿದೆವು ಅಂದುಕೊಂಡೆ.

ಮತ್ತೆ ಇಬ್ಬರನ್ನೂ ಕರೆಸಿದೆವು. ಈ ಸಲ ನಾನು ಹೇಳುವ ಮೊದಲೇ ಅವಳು ಕುರ್ಚಿಯಲ್ಲಿ ಕೂತಳು. ತಲೆಗೆ ಹೂವು ಮುಡಿದಿದ್ದಳು. ನಾನು ಪೆಟ್ಟಿಗೆಯನ್ನು ಅದೇ ಹಾಗೆ ಸಿಗಿಸಿ, ಪ್ಲಗ್ ಹಾಕಿ, ಟೆಸ್ಟ್ ಶುರು ಮಾಡಿದೆ. ಪರದೆಯಲ್ಲಿ ಅಂಕಿ ಓಡಾಡಿ ನಿಂತಿತು. ನೂರಾ ಆರು ವೋಲ್ಟು.

ಅಂಕಿಯನ್ನು ಅವಳೇ ಓದಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಕಣ್ಣಲ್ಲಿ ನೀರು ತುಂಬಿತು. ಫಾರೆಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನನಗೂ ಸಂತೋಷವಾಯಿತು, ಯಾಕೆ ಸುಳ್ಳು ಹೇಳಲಿ. ಹಠ ಹಿಡಿದು ಸೊನ್ನೆಯನ್ನು ಒಡೆದದ್ದಕ್ಕೆ ಫಲ ಸಿಕ್ಕಿತು ಅನ್ನಿಸಿತು.

ಅವಳಿಗೆ ಆಗ ಮಾತು ಬಂತು. ಇಷ್ಟು ದಿನ ಯಾರೂ ಕೇಳಿಸಿಕೊಳ್ಳದ್ದನ್ನು ಹೇಳುವವಳ ಹಾಗೆ, ಫಾರೆಸ್ಟರ ಕಡೆಗೂ ನನ್ನ ಕಡೆಗೂ ತಿರುಗಿ ತಿರುಗಿ ಹೇಳಿದಳು.

“ನಾ ಅವತ್ತೇ ಏಳ್ದೆ ಕಣಕ್ಕ, ಯಾರೂ ಕೇಳ್ನಿಲ್ಲ. ಚಾರ್ಜಿಗ ಆಕಿದ್ದಾಗ ದಿನಾ ಬೆಳಗ್ಗ ಅದ ನಾನೇ ಆಪ್ ಮಾಡ್ತಿದ್ದದ್ದು. ಗದ್ದಗ ನೀರ್ ಕಟ್ಬುಟ್ಟು ಬರಿಗಾಲಲ್ಲಿ, ಒದ್ದ ಕೈಲಿ ಬತ್ತಿದ್ದೆ. ತಗಡ ಮುಟ್ದೇಟ್ಗ ಜುಂ ಅನ್ನದು, ಮೊಣಕೈ ಗಂಟ. ನೀವೇ ನೋಡಿ, ಪೆಟ್ಗೆಲೇ ಕರೆಂಟ್ ಇತ್ತು.”

ವರದಿ ಬರೆಯಲು ತೆಗೆದಿದ್ದ ಪೆನ್ನು ನನ್ನ ಕೈಯಲ್ಲೇ ಇತ್ತು. ಬರಿಗಾಲು, ಒದ್ದೆ ಕೈ, ನೀರು ಕಟ್ಟಿದ ಹೊಲ. ದಿನಾ ಬೆಳಗ್ಗೆ. ಆನೆಯನ್ನು ಕೆಡವುವ ಕರೆಂಟು ಆ ತಗಡಿನಲ್ಲಿ ಇದ್ದಿದ್ದರೆ ಈ ಹೆಣ್ಣುಮಗಳು ನನ್ನ ಎದುರು ಕೂತು ಮಾತಾಡುತ್ತಿರಲಿಲ್ಲ. ತಗಡಿಗೆ ಬರುವುದೂ ಬೇಲಿ ತುದಿಗೆ ಬರುವುದೂ ಒಂದೇ ಚಾರ್ಜರಿನ ಕರೆಂಟು, ಜುಂ ಅಂದು ಬಿಟ್ಟುಬಿಟ್ಟಿದೆ. ಅಂದರೆ ಈ ನೂರಾ ಆರರ ಹಿಂದೆ ಬಲ ಇಲ್ಲ.

ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಎರಡು ಪಿನ್ನಿನ ಎಷ್ಟೋ ಚಾರ್ಜರುಗಳಲ್ಲಿ, ರೇಡಿಯೋ ಟೀವಿಗಳಲ್ಲಿ ಗರಗರ ಬಾರದಿರಲೆಂದು ಹಾಕಿದ ಸಣ್ಣ ಕೆಪಾಸಿಟರುಗಳಿಂದ ಇಂಥ ಪೊಳ್ಳು ವೋಲ್ಟೇಜು ಕಾಣಿಸಿಕೊಳ್ಳುತ್ತದೆ. ಅರ್ತ್ ವೈರು ಸರಿಯಿದ್ದರೆ ನೆಲಕ್ಕೆ ಇಳಿದುಹೋಗುತ್ತದೆ. ಇದರಲ್ಲಿ ಅದು ತುಂಡಾಗಿತ್ತು. ಮೀಟರು ಏನನ್ನೂ ಹೀರಿಕೊಳ್ಳದೆ ಅಳೆಯುವುದರಿಂದ ಅಂಕಿ ದೊಡ್ಡದಾಗಿ ಕಾಣುತ್ತದೆ. ನಿಜವಾದ ಬಲ ಇದೆಯೋ ಇಲ್ಲವೋ ನೋಡಬೇಕಾದರೆ ಮುಟ್ಟಿದವರ ಮೈಯ ಬದಲಿಗೆ, ಅಷ್ಟೇ ಕರೆಂಟು ಎಳೆಯುವ ಒಂದು ರೆಸಿಸ್ಟರನ್ನು ಲೋಡಾಗಿ ಸಿಗಿಸಿ ಅಳೆಯಬೇಕು. ಸೊನ್ನೆಯನ್ನು ಗೆದ್ದ ಸಂಭ್ರಮದಲ್ಲಿ ಅದು ನನ್ನ ತಲೆಗೆ ಬಂದಿರಲಿಲ್ಲ.

ಒಂದು ನಿಮಿಷ ಬರುತ್ತೇನೆ ಎಂದು ಎದ್ದು ಸಾಹೇಬರ ಕೋಣೆಗೆ ಹೋದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಬಂದಿದ್ದ ಕಾಗದವನ್ನು ತೆಗೆದು ಇನ್ನೊಮ್ಮೆ ಓದಿದರು. ಚಾರ್ಜರು ಪ್ಲಗ್ಗಿನಲ್ಲಿದ್ದಾಗ ಬೇಲಿ ತುದಿಯಲ್ಲಿ ವೋಲ್ಟೇಜು ಬರುತ್ತದೆಯೇ ಇಲ್ಲವೇ, ತಿಳಿಸಿ. ಅಷ್ಟೇ ಇತ್ತು.

“ಬರುತ್ತೆ ಅಂತ ಬರೆದರೆ ಸುಳ್ಳಾಗಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗಾಯ್ತು” ಅಂದರು. ಕಾಗದವನ್ನು ಮಡಿಸಿಟ್ಟು, “ಲೋಡ್ ಹಾಕೋದು ಬಿಡೋದು ನಿಮಗೆ ಬಿಟ್ಟಿದ್ದೀನಮ್ಮ. ಯಾವುದಕ್ಕೆ ಸಹಿ ಹಾಕಿ ಅಂದರೂ ಹಾಕ್ತೀನಿ” ಅಂದರು.

ಅಷ್ಟು ಸಲೀಸಾದ ಬಾಗಿಲು ನನಗೆ ಬೇಡವಾಗಿತ್ತು. ಬಯ್ದು ಹೇಳಿದ್ದರೆ ಎಷ್ಟೋ ವಾಸಿ. ವರಾಂಡದಲ್ಲಿ ನಿಂತು ಯೋಚಿಸಿದೆ. ನೂರಾ ಆರು ವೋಲ್ಟು ಎಂದು ಬರೆದರೆ ಅವಳ ಗಂಡ ಮನೆಗೆ ಬರಬಹುದು. ಆಣೆ ಉಳಿಯುತ್ತದೆ. ನಾನು ಬರೆದ ಪ್ರತಿ ಅಕ್ಷರವೂ ನಿಜವಾಗಿರುತ್ತದೆ. ಆದರೆ ಮೊನ್ನೆ ಕಂಪ್ಯೂಟರು ಮಾಡಿದ್ದೂ ಇಂಥದ್ದೇ. ಮೀಟರು ಹೇಳಿದ್ದರಲ್ಲಿ ನೋಡಲು ಹಿತವಾದದ್ದನ್ನು ಮಾತ್ರ ಪರದೆಗೆ ತಂದಿತ್ತು. ಅದನ್ನು ಬಯ್ದು, ಕತ್ತರಿಸಿ, ತಿದ್ದಿದವಳು ನಾನೇ. ಆ ಹೆಂಗಸಿನ 'ಅಕ್ಕ' ಅನ್ನುವ ಮಾತು ಎದೆಯಲ್ಲಿ ಮುಳ್ಳಾಡಿತು. ಅವಳಿಗೆ ಒಳ್ಳೆಯದಾಗಲಿ ಎಂದು ನನ್ನ ಮನಸ್ಸು ನಿಜವಾಗಿಯೂ ಬಯಸುತ್ತಿತ್ತು, ಅದಕ್ಕೇ ಹೆದರಿಕೆಯಾಯಿತು.

ಒಳಗೆ ಬಂದು ಸಾವಿರ ಓಮಿನ ರೆಸಿಸ್ಟರನ್ನು ಡ್ರಾಯರಿನಿಂದ ತೆಗೆದೆ. ಇನ್ನೊಂದು ಅಳತೆ ಇದೆ, ಅದನ್ನೂ ನೋಡಿಬಿಡೋಣ ಎಂದು ಇಬ್ಬರಿಗೂ ಹೇಳಿದೆ. ಬೇಲಿ ತುದಿಗೂ ಅರ್ತ್‌ಗೂ ನಡುವೆ ರೆಸಿಸ್ಟರ್ ಸಿಗಿಸಿದೆ. ಈ ಸಲ ಆಟೋ ರೇಂಜು ಆರಿಸಿದೆ. ಪ್ಲಗ್ ಹಾಕುತ್ತಿದ್ದ ಹಾಗೆ ಮೀಟರು ಟಿಕ್ ಟಿಕ್ ಎಂದು ಒಂದೊಂದೇ ಮೆಟ್ಟಿಲು ಇಳಿಯಿತು. ನೂರರ ರೇಂಜು ಬಿಟ್ಟಿತು, ಹತ್ತರ ರೇಂಜು ಬಿಟ್ಟಿತು, ನಾನು ಅಷ್ಟೊಂದು ಬಯ್ದಿದ್ದ ಒಂದು ವೋಲ್ಟಿನ ರೇಂಜಿಗೆ ಬಂದು ನಿಂತಿತು. ಪರದೆಯಲ್ಲಿ ಸೊನ್ನೆ ಪಾಯಿಂಟ್ ಮೂರು ಮೂರು.

ಒಂದೇ ಸಲ ನೋಡಿ ಬಿಡಲಿಲ್ಲ. ಪ್ಲಗ್ಗನ್ನು ತಿರುಗಿಸಿ ಹಾಕಿ ನೋಡಿದೆ. ಒದ್ದೆ ಬಟ್ಟೆ ಹೊದಿಸಿ ನೋಡಿದೆ. ಪೆಟ್ಟಿಗೆ ಬಿಸಿಯಾಗುವವರೆಗೂ ಬಿಟ್ಟು ನೋಡಿದೆ. ಆಮೇಲೆ ಸೋರಿಕೆ ಹಿಡಿಯುವ ಮೆಗ್ಗರ್ ತಂದು ಪ್ಲಗ್ಗಿನ ಪಿನ್ನುಗಳಿಗೂ ಬೇಲಿ ತುದಿಗೂ ನಡುವಿನ ತಡೆಯನ್ನು ಅಳೆದೆ. ಎಲ್ಲೂ ಸೋರಿಕೆ ಇಲ್ಲ, ತಡೆ ಗಟ್ಟಿಯಾಗಿತ್ತು. ಎಲ್ಲಾದರೂ ಒಂದು ಬಿರುಕು ಸಿಗಲಿ ಎಂದು ನಾನು ಹುಡುಕಿದ್ದು ದೇವರಿಗೇ ಗೊತ್ತು. ಸಿಗಲಿಲ್ಲ. ಈ ಪೆಟ್ಟಿಗೆಯಿಂದ ಇರುವೆಗೂ ಅಪಾಯವಿರಲಿಲ್ಲ.

ಅವಳಿಗೆ ನಾನೇ ಹೇಳಬೇಕಿತ್ತು. ಕೆಟ್ಟ ನಲ್ಲಿ ತೊಟ್ಟಿಕ್ಕುತ್ತಿರುತ್ತದಲ್ಲ, ಕೆಳಗೆ ಬಿಂದಿಗೆ ಇಟ್ಟರೆ ತುಂಬುವುದಿಲ್ಲ. ಇದರಲ್ಲಿರುವ ಕರೆಂಟೂ ಅಷ್ಟೇ, ಕೈಗೆ ಗೊತ್ತಾಗುತ್ತದೆ, ಕೊಲ್ಲುವಷ್ಟಿಲ್ಲ ಎಂದೆ. ಆ ಮಾತು ಮುಗಿಯುವ ಮೊದಲೇ ಅವಳಿಗೆ ತಿಳಿದಿತ್ತು. ತಲೆ ಎತ್ತಿ ಪೆಟ್ಟಿಗೆಯನ್ನು ನೋಡಿದಳು, ಪರದೆಯನ್ನು ನೋಡಿದಳು.

“ಅಂಗಾರ ಇದಲ್ವಾ” ಅಂದಳು.

“ಇದಲ್ಲ ಕಣಮ್ಮಿ” ಅಂದೆ.

ಅಳಲಿಲ್ಲ. ಸೆರಗು ಸರಿ ಮಾಡಿಕೊಂಡು, ಮಹಜರಿನಲ್ಲಿ ತೋರಿಸಿದ ಜಾಗದಲ್ಲಿ ನಿಧಾನವಾಗಿ ಸಹಿ ಮಾಡಿದಳು. ಫಾರೆಸ್ಟರು ಜೀಪಿನಲ್ಲಿ ಗುಂಡ್ಲುಪೇಟೆವರೆಗೂ ಬಿಡುತ್ತೇನೆ ಬಾರಮ್ಮ ಎಂದು ಕರೆದರು. ಬೇಡ, ಜೈಲಿನ ಕಡೆ ಹೋಗಿ ಬರುತ್ತೇನೆ ಅಂದಳು. ಚಪ್ಪಲಿ ಮೆಟ್ಟಿಕೊಂಡು ಹೋದಳು. ನಾನು ಎರಡೂ ಅಂಕಿಗಳನ್ನು ಬರೆದೆ, ಎರಡಕ್ಕೂ ಅರ್ಥ ಬರೆದೆ.

ಕೆಲವು ತಿಂಗಳಾದ ಮೇಲೆ ಸಾಕ್ಷಿ ಹೇಳಲು ಗುಂಡ್ಲುಪೇಟೆ ಕೋರ್ಟಿನಿಂದ ಸಮನ್ಸ್ ಬಂತು. ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದು ಬೆಳಗ್ಗೆಯೇ ಹೋದೆ. ಕೋರ್ಟಿನ ಆವರಣದಲ್ಲಿ ಅವಳಿದ್ದಳು. ಗಂಡನಿಗೆ ಆ ಹೊತ್ತಿಗೆ ಜಾಮೀನು ಸಿಕ್ಕಿ ಮನೆಗೆ ಬಂದಿದ್ದ. ವಕೀಲರ ಜೊತೆ ಒಳಗಿದ್ದಾನೆ ಎಂದಳು. ನನ್ನನ್ನು ಕಂಡು ಮುಖ ತಿರುಗಿಸುತ್ತಾಳೆ ಅಂದುಕೊಂಡಿದ್ದೆ. ಹತ್ತಿರ ಬಂದು ನಿಂತಳು.

“ಒಂದ್ ಮಾತ ಕೇಳ್ಲಾ ಅಕ್ಕ? ಜುಂ ಅನ್ನದ ನಾ ಏಳ್ದೇ ಇದ್ದಿದ್ರ, ನೀವು ಆಮ್ಯಾಲ ಮಾಡುದ್ರಲ್ಲ, ಅದ ಮಾಡ್ತಿದ್ರಾ?”

ಆವತ್ತು ಅವಳು ಅದನ್ನು ಹೇಳುವ ಹೊತ್ತಿಗೆ ನಾನು ವರದಿಗೆಂದು ಪೆನ್ನು ಕೈಗೆ ತೆಗೆದುಕೊಂಡಾಗಿತ್ತು. “ಇಲ್ಲ ಕಣಮ್ಮಿ, ಅವತ್ತು ಮಾಡ್ತಿರ್ನಿಲ್ಲ” ಅಂದೆ.

ಅವಳು ತಲೆ ಆಡಿಸಿದಳು. ಅವಳಿಗೆ ಅದು ಗೊತ್ತಿತ್ತು, ನನ್ನ ಬಾಯಿಂದ ಬರಲಿ ಎಂದು ಕೇಳಿದ್ದಳು. ಆಮೇಲೆ ಹೇಳಿದಳು. ಆವತ್ತು ಲ್ಯಾಬಿನಿಂದ ನೇರ ಜೈಲಿಗೆ ಹೋಗಿ, ಪೆಟ್ಟಿಗೆ ಸರಿಯಾಗಿದೆಯಂತೆ ಅಂದಾಗ ಅವನು ಅವಳ ಕಣ್ಣು ತಪ್ಪಿಸಿದನಂತೆ. ಅವಳು ಬೇರೇನೂ ಕೇಳಲಿಲ್ಲ, ಮಾದಪ್ಪನ ಮೇಲೆ ಆಣೆ ಮಾಡಿದೆಯಲ್ಲ ಅಂದಳಷ್ಟೇ. ಒಂದೇ ಒಂದು ರಾತ್ರಿಗೆ ಅಂತ ಕಂಬದಿಂದ ಬೇಲಿಗೆ ವೈರು ಎಳೆದೆ, ಬೆಳಗಾಗುವ ಮುಂಚೆ ತೆಗೀತೀನಿ ಅಂದುಕೊಂಡಿದ್ದೆ ಎಂದು ಅವನು ಅತ್ತನಂತೆ. ಹಾರ ಹಾಕಿದ್ದು ಅದಕ್ಕೇ.

“ಅವ್ರಿಗ ಎಂಗ ಗೊತ್ತಾಯ್ತು ಅಂತ ಕೇಳುದ್ರು ಕಣಕ್ಕ. ಮಿಷನ್ ಏಳ್ತು ಅಂದೆ. ನಾ ಬಾಯ್ಬುಟ್ಟದ್ದ ಏಳ್ನಿಲ್ಲ. ಅವರ್ ಜೊತ್ಗೇ ಬಾಳ್ಬೇಕು ನಾನು. ನೀವೂ ಏಳ್ಬ್ಯಾಡಿ.”

ಅಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕೂಗಿದರು.

ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿದೆ. ಸೊನ್ನೆ ಬಂದದ್ದು ಯಾಕೆ, ರೇಂಜು ಹೇಗೆ ತಪ್ಪಿತ್ತು, ಹೇಗೆ ಸರಿಪಡಿಸಿದೆ, ಎಲ್ಲವನ್ನೂ ಬಿಡಿಸಿ ಹೇಳಿದೆ. ಆರೋಪಿಯ ವಕೀಲರು ನೂರಾ ಆರು ವೋಲ್ಟಿನ ಮೇಲೆ ಬಹಳ ಹೊತ್ತು ನಿಂತರು. ವೋಲ್ಟೇಜು ಬಂದದ್ದು ನಿಜವೇ ಅಂದರು. ನಿಜ ಅಂದೆ. ಕಾಗದದಲ್ಲಿ ಕೇಳಿದ್ದು ಅಷ್ಟೇ ಅಲ್ಲವೇ ಅಂದರು. ಅಷ್ಟೇ ಅಂದೆ. ಹಾಗಾದರೆ ಯಾರೂ ಕೇಳದ ಎರಡನೆಯ ಪರೀಕ್ಷೆಯನ್ನು ಮಾಡುವ ತೀರ್ಮಾನ ಯಾರದು ಎಂದು ದನಿ ಏರಿಸಿ ಕೇಳಿದರು.

ಆರೋಪಿಯ ಜಾಗದಲ್ಲಿ ಅವನು ನಿಂತಿದ್ದ. ಮೊದಲ ಸಲ ಅವನನ್ನು ನೋಡುತ್ತಿದ್ದೆ. ಬಾಗಿಲ ಹತ್ತಿರ ಅವಳು ಗೋಡೆಗೆ ಒರಗಿ ನಿಂತಿದ್ದಳು.

“ನನ್ನದೇ” ಅಂದೆ.

ಅದು ಸುಳ್ಳಲ್ಲ. ಅವನು ತಲೆ ಎತ್ತಿ ನನ್ನನ್ನೇ ದಿಟ್ಟಿಸಿದ. ನನ್ನ ಮನೆ ಮುರಿದವಳು ನೀನೇ ಅನ್ನುವ ನೋಟ. ಅದು ನನ್ನ ಮೇಲೇ ಇರಲಿ ಎಂದು ನಾನೂ ಕಣ್ಣು ತೆಗೆಯದೆ ನಿಂತೆ.